ಟಯರು ತಡವುತ್ತಿದ್ದ ಅತ್ತೆ

ಗಿರಿಜತ್ತೆ ಸೈಕಲ್ಲಿನ ಟಯರನ್ನು ಕಣ್ಣು ಮುಚ್ಚಿಕೊಂಡೇ ನೋಡುತ್ತಿದ್ದಳು. ಸಂಜೆ ದೀಪ ಹಚ್ಚಿಯಾದ ಮೇಲೆ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಎದುರಿಗೆ ಮಣೆ ಹಾಕಿ ಕೂತು, ಎಡಗೈಯಿಂದ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಲಗೈಯ ಬೆರಳನ್ನು ಟಯರಿನ ಮೇಲೆ ಆಡಿಸುವಳು. ಬೀಡಿ ಕಟ್ಟಿ ಕಟ್ಟಿ ಪಳಗಿದ ಬೆರಳು ಅದು. ಎಲೆ ದಪ್ಪವೋ ತೆಳುವೋ ಅಂತ ಮುಟ್ಟಿದ ಕೂಡಲೇ ಹೇಳುವ ಬೆರಳು. ಏನಾದರೂ ತಾಗಿದರೆ ಚಕ್ರ ನಿಲ್ಲುತ್ತಿತ್ತು. "ಇಲ್ಲುಂಟು" ಅನ್ನುವಳು. ಬೀಡಿ ಎಲೆ ಕತ್ತರಿಸುವ ಕತ್ತರಿಯ ತುದಿಯಿಂದ ಅದನ್ನು ಎಬ್ಬಿಸಿ ನನ್ನ ಅಂಗೈಯಲ್ಲಿ ಇಡುವಳು. ನೋಡಿದರೆ ಒಂದು ಮುಳ್ಳಿನ ತುಂಡು, ಇಲ್ಲವೇ ಬಾಟ್ಲಿಯ ಚೂರು.

ಈಗ ಇದನ್ನು ಹೇಳಿದರೆ ಜನ ನಗುತ್ತಾರೆ, ಒಂದು ಟಯರಿಗೆ ಇಷ್ಟೆಲ್ಲ ಪೂಜೆಯಾ ಅಂತ. ನಗಲಿ. ಆ ಟಯರಿನಲ್ಲಿ ಗಾಳಿ ನಿಂತರೆ ನಾನು ಉಳಿದೆ, ನಿಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಆಗ ಎಲ್ಲರೂ ನಂಬಿದ್ದು ಅದನ್ನೇ.

ಎಪ್ಪತ್ತರ ದಶಕದ ಮಾತು. ಮೂಡಬಿದ್ರೆಗೂ ಬೆಳ್ತಂಗಡಿಗೂ ನಡುವೆ, ದೊಡ್ಡ ಮಾರ್ಗ ಬಿಟ್ಟು ತುಂಬಾ ಒಳಗೆ ನಮ್ಮೂರು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಅಮ್ಮ ತಮ್ಮನನ್ನು ಹೆತ್ತು ಬಾಣಂತಿ. ಗಿರಿಜತ್ತೆ ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ನಮ್ಮಲ್ಲೇ ಇದ್ದುಕೊಂಡು ಬೀಡಿ ಕಟ್ಟುತ್ತಿದ್ದಳು. ಆ ಮಳೆಗಾಲದಲ್ಲಿ ಒಂದು ದಿನ, ನಾನು ಶಾಲೆಯಿಂದ ಬರುವಾಗ ಎಲ್ಲಿಂದಲೋ ಬಂದ ನಾಯಿ ಮೀನಖಂಡಕ್ಕೆ ಕಚ್ಚಿ ಓಡಿಹೋಯಿತು. ಹುಚ್ಚು ಹೌದೋ ಅಲ್ಲವೋ ಯಾರಿಗೆ ಗೊತ್ತು? ಮತ್ತೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹಿಂದಿನ ವರ್ಷ ಕೆಳಗಿನ ಮನೆಯವರೊಬ್ಬರು ನಾಯಿ ಕಚ್ಚಿಯೇ ಹೋಗಿದ್ದರು. ಕೊನೆಗೆ ನೀರಿನ ಚೆಂಬು ಕಂಡರೆ ಕಿರುಚುತ್ತಿದ್ದರಂತೆ. ಹಾಗಾಗಿ ನಾನು ನೀರು ಕುಡಿಯಲು ಲೋಟ ಎತ್ತಿದರೆ ಸಾಕು, ಮನೆಯವರೆಲ್ಲ ಕೈಯ ಕೆಲಸ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದರು. ನೀರು ಇಳಿದರೆ ಅವರೆಲ್ಲರ ಉಸಿರೂ ಇಳಿಯುತ್ತಿತ್ತು.

ಮೊದಲ ದಿನ ಮರ ಸಾಗಿಸುವ ಒಂದು ಲಾರಿ ಸಿಕ್ಕಿ ಬೆಳ್ತಂಗಡಿಯ ಆಸ್ಪತ್ರೆಗೆ ಮುಟ್ಟಿದೆವು. ಡಾಕ್ಟರು ಅತ್ತೆಗೆ ಬಿಡಿಸಿ ಹೇಳಿದರು: ಹೊಕ್ಕುಳ ಸುತ್ತ ಇಂಜೆಕ್ಷನ್, ದಿನಕ್ಕೊಂದರಂತೆ ಎರಡು ವಾರ. ವಿಷ ಒಮ್ಮೆಲೇ ತಲೆಗೆ ಹೋಗುವುದಿಲ್ಲ, ಕಾಲಿನಿಂದ ನಿಧಾನಕ್ಕೆ ಮೇಲೆ ಹತ್ತುತ್ತದೆ. ಅದಕ್ಕಿಂತ ಮುಂಚೆ ಮದ್ದು ಹೋಗಿ ಮುಟ್ಟಬೇಕು, ಒಂದು ದಿನವೂ ತಪ್ಪಬಾರದು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದು ಮೆಟ್ಟಿಲಲ್ಲಿ ಕೂತುಬಿಟ್ಟಳು. ಮಳೆಗೆ ಮಾರ್ಗ ಕಿತ್ತುಹೋಗಿ ನಮ್ಮೂರಿನ ಒಂದೇ ಬಸ್ಸು ನಿಂತು ತಿಂಗಳಾಗಿತ್ತು. ಮರದ ಲಾರಿ ದಿನಾ ಬರುತ್ತದೆಯೇ?

ಮರುದಿನ ಬೆಳಗ್ಗೆ ಅತ್ತೆ ಕೊಟ್ಟಿಗೆಯಿಂದ ಅಪ್ಪನ ಸೈಕಲ್ಲನ್ನು ಎಳೆದು ತಂದಳು. ಚಿಕ್ಕವಳಿದ್ದಾಗ ಬಂಟ್ವಾಳ ಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು, ಮಾವನ ಸೈಕಲ್ಲಿನ ಬಾರಿನ ಅಡಿಯಿಂದ ಕಾಲು ತೂರಿಸಿ ಕಲಿತದ್ದಂತೆ. ದೊಡ್ಡವಳಾದ ಮೇಲೆ ಅಜ್ಜಿ ಮುಟ್ಟಲು ಬಿಟ್ಟಿರಲಿಲ್ಲ. ಈಗ ನಲವತ್ತರ ಹತ್ತಿರ ಬಂದು ಸೀರೆಗೆ ಕಚ್ಚೆ ಹಾಕಿ ಹತ್ತಿದಳು, ಅಂಗಳದಲ್ಲೇ ಬಿದ್ದಳು, ಮೊಣಕೈಯ ಕೆಸರು ಒರೆಸದೆ ಮತ್ತೆ ಹತ್ತಿದಳು. ಅಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಕೂಗಬೇಡ, ಹಾಲು ಬತ್ತುತ್ತದೆ ಅಂತ ಅವಳಿಗೊಂದು ಗದರಿಸಿ, ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿ, ಉದ್ದದ ಬೈರಾಸು ವಸ್ತ್ರದಿಂದ ತನ್ನ ಸೊಂಟಕ್ಕೆ ಬಿಗಿದು ಕಟ್ಟಿ ಹೊರಟೇಬಿಟ್ಟಳು.

ನಮ್ಮ ಕಡೆ ಹೆಂಗಸರು ಸೈಕಲ್ ಬಿಡುವುದನ್ನು ಯಾರು ಕಂಡಿದ್ದರು? ಅಂಗಡಿ ಕಟ್ಟೆಯ ಗಂಡಸರಿಗೆ ನೋಡಿ ಮುಗಿಯಲಿಲ್ಲ. ಅತ್ತೆ ಏರಿನ ಬುಡದಲ್ಲಿ ಇಳಿದು, "ನೋಡಿ ಆಯ್ತಲ್ಲ ಮಾರಾಯ್ರೇ? ಇನ್ನು ಒಬ್ಬರು ಬಂದು ಸ್ವಲ್ಪ ದೂಡಿ" ಅಂದಳು. ನಿಜವಾಗಿ ಒಬ್ಬರು ಬಂದು ದೂಡಿದರು. ಮರುದಿನದಿಂದ ಅವರು ಕರೆಯದೆಯೇ ಬಂದರು.

ನಾಲ್ಕನೇ ದಿನವೋ ಐದನೇ ದಿನವೋ, ಅರ್ಧ ದಾರಿಯಲ್ಲಿ ಹಿಂದಿನ ಟಯರು ಟುಸ್ಸೆಂದಿತು. ಗಾಡಿಯ ಎತ್ತಿನ ಲಾಳದಿಂದ ಕಳಚಿದ ಮೊಳೆ. ಅತ್ತೆಯ ಮುಖ ಬೂದಿಯಾಯಿತು. ಸೈಕಲ್ಲನ್ನು ಬದಿಯ ಪೊದೆಗೆ ದೂಡಿ, ನನ್ನನ್ನು ಬೆನ್ನಿಗೆ ಹಾಕಿಕೊಂಡು ಓಡತೊಡಗಿದಳು. ಅವಳ ಎದೆ ಢವಢವ ಎನ್ನುವುದು ನನ್ನ ನೋಯುವ ಹೊಟ್ಟೆಗೆ ತಾಗುತ್ತಿತ್ತು. ಸ್ವಾಮಿ ಮಂಜುನಾಥ, ಸ್ವಾಮಿ ಮಂಜುನಾಥ ಅಂತ ಏದುಸಿರಿನಲ್ಲಿ ಕರೆದಳು. ಸ್ವಲ್ಪ ದೂರ ಹೋದ ಮೇಲೆ ಅವನಿಗೇ ಬೈದಳು. ನಾವು ಮುಟ್ಟುವಾಗ ಕಂಪೌಂಡರು ಸೂಜಿಗಳನ್ನು ಎತ್ತಿಡುತ್ತಿದ್ದರು. ಅತ್ತೆ ನನ್ನ ಲಂಗ ಸರಿಸಿ ಹೊಟ್ಟೆ ತೋರಿಸಿದಳು, ಅಷ್ಟೇ. ಅವರು ಸೂಜಿ ಕುದಿಸಲು ಪುನಃ ನೀರು ಇಟ್ಟರು.

ಬರುವಾಗ ಸೈಕಲ್ಲನ್ನು ದೂಡಿಕೊಂಡು ದೊಡ್ಡ ಮಾರ್ಗದ ಬದಿಯ ಇಬ್ರಾಯಿ ಬ್ಯಾರಿಗಳ ಸೈಕಲ್ ಶಾಪಿಗೆ ಹೋದೆವು. ಅವರು ಪಂಕ್ಚರ್ ಹಾಕಿ, ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನ ಒಳಗೆ ಸುತ್ತ ಹಾಸಿದರು. ಗಾಳಿ ಯಾವಾಗಲೂ ಕಲ್ಲಿನ ಹಾಗೆ ಇರಲಿ ಅಂದರು. ನನ್ನ ಹೊಟ್ಟೆಯ ಕಥೆ ಕೇಳಿದ ಮೇಲೆ ಇನ್ನೊಂದು ಮಾತು ಹೇಳಿದರು.

"ಮೊಳೆ ಬಿಡಿ, ಅದು ಹಣೆಬರಹ. ಮುಳ್ಳು ಹಾಗಲ್ಲ ಅಕ್ಕ. ಅದು ಹತ್ತಿದ ದಿನವೇ ಒಳಗೆ ಹೋಗುವುದಿಲ್ಲ. ಟಯರಿನಲ್ಲಿ ಸುಮ್ಮನೆ ಕೂತಿರ್ತದೆ. ನಾವೇ ಅದರ ಮೇಲೆ ಹೋಗಿ ಹೋಗಿ ಒಳಗೆ ತಳ್ಳುವುದು. ದಿನಾ ಸಂಜೆ ಕೈಯಾಡಿಸಿ ನೋಡಿ."

ದಾರಿಯಲ್ಲಿ ಅತ್ತೆ ಎರಡು ಸಲ ಇಳಿದು ಹಿಂದಿನ ಟಯರನ್ನು ಮುಟ್ಟಿ ನೋಡಿದಳು. ಆಮೇಲೆ, ಡಾಕ್ಟರು ಹೇಳಿದ್ದೂ ಇದೇ ಅಲ್ಲವಾ ಬಾಲೆ ಅಂದಳು. ಮಗು ಅನ್ನುವ ಹಾಗೆ ಅವಳು ನನ್ನನ್ನು ಬಾಲೆ ಅಂತಲೇ ಕರೆಯುತ್ತಿದ್ದಳು.

ಅವತ್ತಿನಿಂದ ಶುರುವಾಯಿತು ಈ ತಡವುವ ಕೆಲಸ. ಮೊದಲು ಎರಡು ಟಯರು, ಆಮೇಲೆ ನನ್ನ ಕಾಲು. ಅದೇ ಬೆರಳು ಗಾಯದ ಸುತ್ತ ಮೆಲ್ಲ ಹೋಗುತ್ತಿತ್ತು. ಉರಿ ಉಂಟಾ, ಜುಮ್ಮೆನ್ನುತ್ತದಾ ಅಂತ ಕೇಳುವಳು. ಟಯರಿನ ಮುಳ್ಳಾದರೆ ಬೆರಳಿಗೆ ಸಿಗುತ್ತಿತ್ತು. ನನ್ನೊಳಗೆ ಏನುಂಟು ಅಂತ ಪಾಪ, ಆ ಬೆರಳಿಗೂ ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಬೆರಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ನನಗೆ ಆಗ ಎಷ್ಟು ಹೆದರಿಕೆಯಾಗುತ್ತಿತ್ತೆಂದರೆ, ಬಾಯಾರಿಕೆಯಾದರೂ ನೀರು ಕೇಳುತ್ತಿರಲಿಲ್ಲ. ಕುಡಿಯಲು ಆಗದಿದ್ದರೆ?

ಇಂಜೆಕ್ಷನ್ ಎಲ್ಲ ಮುಗಿಯಿತು. ಒಂದೂ ತಪ್ಪಲಿಲ್ಲ. ಆದರೂ ಹೆದರಿಕೆ ಎಲ್ಲಿ ಮುಗಿಯುತ್ತದೆ? ಮುಂದಿನ ಮಳೆಗಾಲದವರೆಗೂ ನನ್ನ ಲೋಟದ ಮೇಲೆ ಮನೆಯವರ ಕಣ್ಣಿತ್ತು. ಸೈಕಲ್ಲನ್ನಂತೂ ಅತ್ತೆ ಬಿಡಲಿಲ್ಲ. ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಅದರಲ್ಲೇ ಹೋದಳು. ನಾನು ಹೈಸ್ಕೂಲಿಗೆ ಬಂದ ಮೇಲೆ ಒಮ್ಮೆ, ಟಯರು ತಡವುತ್ತ ತಲೆಯೆತ್ತದೆ ಹೇಳಿದಳು:

"ಆಸ್ಪತ್ರೆಗೆ ಹೋಗುವಾಗ ಒಂದು ಇಳಿಜಾರು ಇತ್ತಲ್ಲ ಬಾಲೆ? ಅಲ್ಲಿ ಗಾಳಿ ಮುಖಕ್ಕೆ ಬಡಿಯುವಾಗ ನನಗೆ ಖುಷಿಯಾಗ್ತಿತ್ತು. ಹಿಂದೆ ನೀನು ಸಾಯ್ತೀಯೋ ಬದುಕ್ತೀಯೋ ಅಂತ ಕೂತಿದ್ದಿ, ನನಗೆ ಖುಷಿ! ದೇವರು ಇದನ್ನು ಎಲ್ಲಿ ಬರೆದಿಟ್ಟಿದ್ದಾನೋ."

ನನಗೂ ಖುಷಿಯಾಗುತ್ತಿತ್ತು ಅಂದೆ. ಸುಳ್ಳು. ಅವಳಿಗೋಸ್ಕರ ಹೇಳಿದ್ದು, ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಮದುವೆಯಾಗಿ ಮೂಡಬಿದ್ರೆಯಲ್ಲಿದ್ದೆ. ಹೊಗೆಸೊಪ್ಪಿನ ಧೂಳು ಅತ್ತೆಯ ಎದೆ ಸೇರಿ ವರ್ಷಗಳಾಗಿದ್ದವು. ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಇಲ್ಲ ಅಂದ ಮೇಲೆ ನಮ್ಮ ಮನೆಗೇ ಕರೆದುಕೊಂಡು ಬಂದೆ. ಯಾವ ಡಾಕ್ಟರ ಹತ್ತಿರ ಓಡಲಿ, ಯಾರ ಎದುರು ಏನು ತೋರಿಸಲಿ? ಅವಳು ನನ್ನನ್ನು ಬೆನ್ನಿಗೆ ಹಾಕಿಕೊಂಡು ಓಡಿದ್ದಳು. ನನಗೆ ಓಡಲು ಒಂದು ದಾರಿಯೂ ಇರಲಿಲ್ಲ. ಸುಮ್ಮನೆ ಕೈ ಹಿಡಿದು ಕೂತಿದ್ದೆ. ಜ್ವರದ ಮಂಪರಿನಲ್ಲಿ ಅವಳ ಬೆರಳು ನನ್ನ ಗಾಜಿನ ಬಳೆಯ ಮೇಲೆ ಹೋಯಿತು. ಮೆಲ್ಲಮೆಲ್ಲ ಅದನ್ನು ತಿರುಗಿಸತೊಡಗಿದಳು. ಬಳೆಯಲ್ಲಿ ಗಾಜು ಕೂಡಿಸಿದ ಜಾಗದಲ್ಲಿ ಸಣ್ಣ ಗಂಟಿರುತ್ತದಲ್ಲ, ಬೆರಳು ಅಲ್ಲಿ ನಿಂತಿತು.

"ಇಲ್ಲುಂಟು," ಅಂದಳು. "ಬೇಗ ತೆಗಿ. ಬಾಲೆಗೆ ಹೊತ್ತಾಯ್ತು."

ಬಾಲೆ ಇಲ್ಲೇ ಇದ್ದೇನೆ ಅತ್ತೆ ಅನ್ನುವ ಬದಲು, ಉಗುರಿನಿಂದ ಎಬ್ಬಿಸಿದ ಹಾಗೆ ಮಾಡಿ, ಅವಳ ಅಂಗೈ ಬಿಡಿಸಿ, ಇಲ್ಲದ ಆ ಮುಳ್ಳನ್ನು ಅದರಲ್ಲಿ ಇಟ್ಟೆ. ಅವಳು ಮುಷ್ಟಿ ಮುಚ್ಚಿಕೊಂಡಳು.

"ಹಾಗಾದ್ರೆ ಹೋಗುವ," ಅಂದಳು.

ಬೆಳಗಾಗುವಾಗ ಚಮಚದಲ್ಲಿ ನೀರು ಬಿಟ್ಟು ಅವಳ ಗಂಟಲನ್ನೇ ನೋಡುತ್ತ ಕೂತೆ. ನೀರು ಇಳಿಯಲಿಲ್ಲ.