ಬೆಳಕಿಗೆ ಹಾಕಿದ ಗಂಟು

ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪ್ಟಿಕಲ್ ಫೈಬರ್ ಕಲಿಸುತ್ತಿದ್ದ ಸರ್ ಅವರನ್ನು ಅಣಕಿಸಿಯೇ ನಾನು ಹೆಸರು ಮಾಡಿದ್ದೆ; ಅಂಕ ಗಳಿಸಿ ಹೆಸರಾಗುವ ಭಯವಿರಲಿಲ್ಲ. ಊರಿನ ಉದಾಹರಣೆ ಕೊಟ್ಟು ಪಾಠ ಹೇಳುವ ಅವರ ರೀತಿಯೇ ಅವರ ಪಿಎಚ್‌ಡಿ ವಿಷಯ. ಅದನ್ನು ಒಪ್ಪಬೇಕೋ ಬೇಡವೋ ಎಂದು ನೋಡಲು ಧಾರವಾಡದಿಂದ ಅವರ ಗೈಡ್ ಬಂದರು. ಅವರೆದುರು ಮಾಡಿದ ಪ್ರಯೋಗದಲ್ಲಿ ಗಾಜಿನ ಎಳೆಯೊಳಗೆ ಬೆಳಕು ನಮ್ಮ ಮಾತನ್ನು ಪಕ್ಕದ ಕೋಣೆಗೆ ಒಯ್ಯಬೇಕಿತ್ತು, ಒಯ್ಯಲಿಲ್ಲ. ಜಾರದಿರಲೆಂದು ನಾನೇ ಆ ಎಳೆಯನ್ನು ಎಮ್ಮೆ ಹಗ್ಗದಂತೆ ಬೆಂಚಿನ ಕಾಲಿಗೆ ಬಿಗಿದಿದ್ದೆ. ಸರ್ ಮುಖ ಬಾಡಿತು.

“ಯಾಕ ಬರವಲ್ದು, ಹೇಳಪಾ,” ಎಂದು ಗೈಡ್ ನನ್ನನ್ನೇ ಕೇಳಿದರು.

ಗಾಬರಿಯಲ್ಲಿ ಸರ್ ಧ್ವನಿಯೇ ನನ್ನ ಬಾಯಿಗೆ ಬಂತು: “ನೋಡ್ರಪಾ, ಇಲ್ಲೇ ನಮ್ಮ ರಾಮನಗರದ ತಿರುವಿನಾಗ ಜೋರು ಬಂದ ಲಾರಿ ರಸ್ತೆ ಬಿಟ್ಟು ಹೊರಗ ಹೋಗ್ತೈತಿ. ಎಳಿ ಭಾಳ ಬಾಗಿದ್ರ ಬೆಳಕೂ ಹಂಗ!”

ಗೈಡ್ ನಕ್ಕು ಸರ್ ಕಡೆ ತಿರುಗಿದರು. “ಪಾಠ ಮುಟ್ಟೇತಲ್ರೀ. ಮುಂದ ಬರೀರಿ.”

ಸರ್ ನನ್ನ ಕಿವಿ ಹಿಂಡಿದರು, ಮೆಲ್ಲಗೆ. ಆಮೇಲೆ ಇಬ್ಬರೂ ಕೂತು ಗಂಟು ಬಿಚ್ಚಿದೆವು.