ಬಾಣಂತಿಗೊಂದು ಬಾವಿ

ಕಳೆದ ತಿಂಗಳು ಘಾಜಿಯಾಬಾದಿನ ನಮ್ಮ ಸೊಸೈಟಿಯಲ್ಲಿ ನೆಲದಡಿಯ ನೀರಿನ ಟ್ಯಾಂಕ್ ತೊಳೆಸಿದರು. ತರಕಾರಿ ಚೀಲ ಹಿಡಿದು ಬರುತ್ತಿದ್ದವಳು ಮುಚ್ಚಳ ತೆರೆದದ್ದನ್ನು ಕಂಡು ಸುಮ್ಮನೆ ಬಗ್ಗಿ ನೋಡಿದೆ. ಒಳಗಿನಿಂದ ತಣ್ಣನೆಯ ವಾಸನೆಯೊಂದು ಮೇಲೆದ್ದು ಬಂತು. ಪಾಚಿ, ಸಿಮೆಂಟು, ಕ್ಲೋರಿನ್ ಎಲ್ಲ ಬೆರೆತದ್ದು. ಅದರ ಅಡಿಯಲ್ಲಿ ಇನ್ನೂ ಏನೋ ಒಂದು, ಬಿಸಿಲು ಕಾಣದ ಜಾಗಗಳಿಗೆಲ್ಲ ಇರುವಂಥದ್ದು... ಜೊತೆಗಿದ್ದ ಮಗಳು, "ಅಮ್ಮಾ, ಕ್ಯಾ ದೇಖ್ ರಹೀ ಹೋ? ಬಿದ್ದೋಗ್ತೀಯ" ಎಂದು ನನ್ನ ಕುರ್ತಾ ಹಿಡಿದು ಎಳೆದಳು. ನನಗೆ ಜನಕಪುರಿಯ ಕೆಳಗಿನ ಮನೆಯ ಆಂಟಿ ನೆನಪಾದರು.

ಈ ಮಗಳು ಹುಟ್ಟುವ ಕಾಲಕ್ಕೆ ನಾವು ಜನಕಪುರಿಯಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನೆಲಮಹಡಿಯಲ್ಲಿ ಆಂಟಿ ಒಬ್ಬರೇ. ಪಾವಗಡದ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಗಂಡನ ಜೊತೆ ಮದುವೆಯಾದ ಹೊಸತರಲ್ಲೇ ದೆಹಲಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಪುಣೆಯಲ್ಲಿದ್ದ ಮಗ ಎಷ್ಟು ಕರೆದರೂ ಹೋಗದೆ ಇಲ್ಲೇ ಉಳಿದಿದ್ದರು.

ಅವರಿಗೆ ನೀರಿನ ವಿಷಯದಲ್ಲಿ ವಿಪರೀತ ಕುತೂಹಲ. ಯಾರ ಮನೆಗೆ ಹೋಗಲಿ, ಕುಡಿಯಲು ನೀರು ಕೊಟ್ಟರೆ ಲೋಟ ಕೈಯಲ್ಲಿ ಹಿಡಿದು ಮೊದಲು ಕೇಳುವ ಮಾತು, "ಇದು ಎಲ್ಲಿಂದ ಬರುತ್ತೆ?" ಆತಿಥ್ಯ ಮಾಡಿದವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಅಡುಗೆಮನೆಯಿಂದ ಬರುತ್ತೆ ಎಂದರೆ ಅವರಿಗೆ ಸಮಾಧಾನವಿಲ್ಲ. ಅಡುಗೆಮನೆಗೆ ಎಲ್ಲಿಂದ, ಮಾಳಿಗೆಯ ಟ್ಯಾಂಕಿಗೆ ಎಲ್ಲಿಂದ, ಬೀದಿಯ ಪೈಪಿಗೆ ಎಲ್ಲಿಂದ... ಟ್ಯಾಂಕರ್ ಓಡಿಸುವ ಭಯ್ಯಾನನ್ನೂ ಬಿಡುತ್ತಿರಲಿಲ್ಲ. ಅವನು ಪೈಪು ಬಿಚ್ಚಿ ಬಕೆಟುಗಳ ಸಾಲಿಗೆ ಹರಿಸುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು ತಮ್ಮ ಕನ್ನಡದ ಹಿಂದಿಯಲ್ಲಿ ಅವನ ತಲೆ ತಿನ್ನುತ್ತಿದ್ದರು. ನಜಫ್‌ಗಢದ ನಾಲಾ ಒಂದು ಕಾಲಕ್ಕೆ ರಾಜಸ್ಥಾನದ ಕಡೆಯಿಂದ ಬರುತ್ತಿದ್ದ ನದಿ ಎಂದು ನನಗೆ ಹೇಳಿದವರೂ ಅವರೇ. ಅಲ್ಲಿಯವರೆಗೆ ಆ ನಾಲಾ ಬಂದಾಗ ಆಟೋದಲ್ಲಿ ಮೂಗು ಮುಚ್ಚಿಕೊಳ್ಳುವುದಷ್ಟೇ ನನಗೆ ಗೊತ್ತಿತ್ತು.

ಹೆರಿಗೆಗೆ ಅಮ್ಮ ದಾವಣಗೆರೆಯಿಂದ ಬರುವವಳಿದ್ದಳು. ಹೊರಡುವ ಮೊದಲು ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಆಂಟಿ ತಾವಾಗಿಯೇ ಮೇಲೆ ಹತ್ತಿ ಬಂದು ನನ್ನ ಬಾಣಂತನಕ್ಕೆ ನಿಂತರು. ಮಗುವಿಗೆ ಎಣ್ಣೆ ನೀರು, ನನಗೆ ಮೆಣಸಿನ ಸಾರು, ಕುಡಿಯಲು ಜೀರಿಗೆ ಹಾಕಿ ಕುದಿಸಿದ ನೀರು. ಫೋನಿನಲ್ಲಿ ಅಮ್ಮ ಅಳುತ್ತಾ, ಎಲ್ಲ ಆಯ್ತು, ಗಂಗೆ ಪೂಜೆ ಯಾರು ಮಾಡಿಸುತ್ತಾರೆ ಎಂದಳು. ಆಂಟಿ ಫೋನು ಕಿತ್ತುಕೊಂಡರು.

"ನೀವು ಯೋಚನೆ ಮಾಡ್ಬೇಡಿ ಕಣ್ರೀ. ನಿಮ್ಮ ಮಗಳ ಕೈಲಿ ಬಾವಿ ನೀರು ಸೇದಿಸೋದು ನನ್ನ ಜವಾಬ್ದಾರಿ. ಮಾತು ಕೊಟ್ಟಿದ್ದೀನಿ."

ಬಾಣಂತಿ ಮೂರನೆಯ ತಿಂಗಳಲ್ಲಿ ಬಾವಿಗೆ ಹೋಗಿ, ಅರಿಶಿನ ಕುಂಕುಮ ಹೂವು ಇಟ್ಟು, ನೆನೆಸಿದ ಕಡಲೆ ನೈವೇದ್ಯ ಮಾಡಿ, ಒಂದು ಬಿಂದಿಗೆ ನೀರು ಸೇದಿ ಮನೆಗೆ ತರುವ ಶಾಸ್ತ್ರ ಅದು. ಅಲ್ಲಿಯವರೆಗೆ ಅವಳು ನೀರು ತುಂಬಿಸುವಂತಿಲ್ಲ. ನಮ್ಮ ಮನೆಯಲ್ಲಿ ಇದರ ಪರಿಣಾಮವೆಲ್ಲ ನನ್ನ ಗಂಡನ ಮೇಲೆ. ಬೆಳಗಿನ ಜಾವ ನೀರು ಬಿಡುವ ಹೊತ್ತಿಗೆ ಎದ್ದು ಮೋಟಾರು ಹಾಕಿ, ಬಕೆಟು, ಕೊಡ, ಕುಕ್ಕರು, ಕೊನೆಗೆ ಹಾಲಿನ ಪಾತ್ರೆಯವರೆಗೆ ತುಂಬಿಸಿಟ್ಟು ನೋಯ್ಡಾದ ಆಫೀಸಿಗೆ ಓಡಬೇಕಾಗಿತ್ತು. ಪೂಜೆ ಬೇಗ ಆಗಲಿ ಎಂದು ನಮ್ಮೆಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಕಾಯುತ್ತಿದ್ದವರು ಅವರೇ.

ಚಾಣಕ್ಯಪುರಿಯ ಕಡೆಯಿಂದ ಮಗು ನೋಡಲು ಬಂದ ಕನ್ನಡದ ಹೆಂಗಸರು, ದೆಹಲಿಯಲ್ಲಿ ಎಲ್ಲರೂ ನಲ್ಲಿಗೇ ಪೂಜೆ ಮಾಡುತ್ತಾರೆ, ನೀವೂ ಮಾಡಿ ಮುಗಿಸಿ ಎಂದರು. ಆಂಟಿ ಒಪ್ಪಲಿಲ್ಲ. "ನಲ್ಲಿ ಅಂದ್ರೆ ಬಾಗಿಲು ಅಷ್ಟೆ. ಬಾಗಿಲಿಗೆ ಕುಂಕುಮ ಹಚ್ಚಿ, ಮನೆಯೊಳಗಿರೋರ್ನ ಮಾತಾಡಿಸ್ದೆ ವಾಪಸ್ ಬರ್ತೀರೇನ್ರೀ?" ನೀರು ಬರುವ ಜಾಗ ಬೇರೆ, ನೀರು ಹುಟ್ಟುವ ಜಾಗ ಬೇರೆ ಎಂಬುದು ಅವರ ವಾದ. ಈ ಊರಿನಲ್ಲಿ ನೀರು ಹುಟ್ಟುವ ಜಾಗ ಒಂದಾದರೂ ಇರಲೇಬೇಕಲ್ಲ ಎಂದು ಹುಡುಕಲು ಹೊರಟರು.

ಮನೆಯೊಳಗೇ ಕುಳಿತು ಬೇಸತ್ತಿದ್ದ ನಾನು ಸಂಜೆಯಾದರೆ ಅವರ ವರದಿಗಾಗಿ ಕಾಯುತ್ತಿದ್ದೆ. ಮೊದಲು ಮೆಟ್ರೊ ಹಿಡಿದು, ಆಟೋ ಹಿಡಿದು ಯಮುನೆಗೆ ಹೋಗಿ ಬಂದರು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಬಂದು ಕುಳಿತರು. ದಡದುದ್ದಕ್ಕೂ ಬಿಳಿ ನೊರೆ, ಸಾಬೂನಿನದ್ದೋ ವಿಷದ್ದೋ ತಿಳಿಯದ ನೊರೆ. ಅದರ ನಡುವೆಯೇ ಯಾರೋ ಸೊಂಟದವರೆಗೆ ಇಳಿದು ಕೈ ಮುಗಿಯುತ್ತಿದ್ದರಂತೆ. "ಆ ತಾಯಿಗೇ ಯಾರಾದ್ರೂ ಬಾಣಂತನ ಮಾಡ್ಬೇಕು ಕಣೆ, ಅವಳ ಹತ್ರ ನಾನೇನು ಕೇಳ್ಲಿ" ಎಂದರು. ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ.

ಆಮೇಲೆ ಪಾರ್ಕಿನ ಕೈಪಂಪು. ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕಿದ್ದರು, ಕುಡಿಯಬಾರದೆಂದು. ಕುಡಿಯಬಾರದ ನೀರನ್ನು ಪೂಜಿಸಬಹುದೋ ಇಲ್ಲವೋ ಎಂದು ಒಂದಿಡೀ ದಿನ ಯೋಚಿಸಿದರು. ಅದನ್ನು ಅಷ್ಟು ಗಂಭೀರವಾಗಿ ಯೋಚಿಸಬಲ್ಲವರು ಇಡೀ ಕಾಲೊನಿಯಲ್ಲಿ ಅವರೊಬ್ಬರೇ ಇದ್ದಿರಬೇಕು. ಕೊನೆಗೆ ಬೇಡವೆಂದರು.

ಒಂದು ದಿನ ಮಗುವಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ತಮ್ಮ ಮಗ ಹುಟ್ಟಿದಾಗ ಅತ್ತೆ ಊರಿನಿಂದ ಬಂದು ಗಂಗೆ ಪೂಜೆ ಮಾಡಿಸಿದ್ದು ಕಾಲೊನಿಯ ಹಿಂದಿನ ಹಳ್ಳಿಯ ಬಾವಿಯಲ್ಲಿ! ಅಷ್ಟು ವರ್ಷ ಅದೇ ಕಾಲೊನಿಯಲ್ಲಿದ್ದು, ಇಷ್ಟು ದಿನ ಊರೆಲ್ಲ ಸುತ್ತಿದ ಮೇಲೆ ನೆನಪಾದದ್ದಕ್ಕೆ ಹಣೆ ಚಚ್ಚಿಕೊಂಡರು. ಹಳ್ಳಿ ಎಂದರೆ ಹೆಸರಿಗಷ್ಟೇ ಹಳ್ಳಿ. ಸುತ್ತ ಕಾಲೊನಿಗಳು ಎದ್ದು, ಹೊಲಗಳೆಲ್ಲ ಮಾಯವಾಗಿ, ಇಕ್ಕಟ್ಟಿನ ಗಲ್ಲಿಗಳಲ್ಲಿ ಬಾಡಿಗೆ ಕೋಣೆಗಳು ಒಂದರ ಮೇಲೊಂದು ಕುಳಿತಿದ್ದವು. ಆಂಟಿ ಅಂದೇ ಹೋಗಿ ವಿಚಾರಿಸಿ ಬಂದರು. ಬಾವಿ ಇದೆಯಂತೆ, ಜಾಲರಿ ಹಾಕಿ ಬೀಗ ಹಾಕಿದ್ದಾರಂತೆ, ಬೀಗದ ಕೈ ಎದುರು ಮನೆಯ ಹೆಂಗಸಿನ ಹತ್ತಿರ ಇದೆಯಂತೆ. ಅವತ್ತು ಅವರ ಮುಖದಲ್ಲಿದ್ದ ಖುಷಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮನಿಗೆ ಫೋನ್ ಮಾಡಿ ಸಿಕ್ಕಿತು ಎಂದು ಜೋರಾಗಿ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮಗುವನ್ನು ಗಂಡನ ಬಳಿ ಬಿಟ್ಟು ನಾವಿಬ್ಬರೂ ಹೊರಟೆವು. ಬೇಸಿಗೆ ಶುರುವಾಗಿತ್ತು. ನಾನು ಹಸಿರು ರೇಷ್ಮೆ ಸೀರೆ ಉಟ್ಟು, ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು ದೆಹಲಿಯ ಗಲ್ಲಿಯಲ್ಲಿ ನಡೆಯುತ್ತಿದ್ದರೆ ಜನ ತಿರುಗಿ ನೋಡುತ್ತಿದ್ದರು. ಆಂಟಿಯ ಕೈಯಲ್ಲಿ ಪೂಜೆಯ ತಟ್ಟೆ, ಹೆಗಲಿಗೆ ಅಂಗಡಿಯಿಂದ ತಂದ ಹೊಸ ಹಗ್ಗದ ಸುರುಳಿ, ತಾಮ್ರದ ಚೊಂಬು. ನನಗಾಗಿ ಜೀರಿಗೆ ನೀರಿನ ಫ್ಲಾಸ್ಕು ಬೇರೆ.

ಎದುರು ಮನೆಯ ಹೆಂಗಸು ಸೆರಗು ತಲೆಯ ಮೇಲೆ ಎಳೆದುಕೊಂಡು ಬೀಗದ ಕೈ ತಂದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಲಡ್ಕಾ ಹುವಾ?" ಎಂದಳು.

"ಲಡ್ಕಿ" ಎಂದೆ.

ಅವರಲ್ಲಿಯೂ ಬಾವಿ ಪೂಜೆ ಇದೆಯಂತೆ, ಆದರೆ ಗಂಡುಮಗು ಹುಟ್ಟಿದರೆ ಮಾತ್ರ. ಆಕೆಯ ಕೈ ಬೀಗದ ಹತ್ತಿರವೇ ನಿಂತಿತು. ಆಂಟಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, "ಹಮಾರೇ ಯಹಾಂ ಬಚ್ಚೇ ಕಾ ನಹೀಂ, ಮಾ ಕಾ ಹೋತಾ ಹೈ" ಎಂದರು. ಮಗುವಿನದ್ದಲ್ಲ, ತಾಯಿಯ ಪೂಜೆ. ಆಕೆ ಸ್ವಲ್ಪ ಹೊತ್ತು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. "ಯೇ ತೋ ಅಚ್ಛಾ ಹೈ" ಎಂದು ನಕ್ಕು ಬೀಗ ತೆಗೆದಳು.

ಜಾಲರಿ ಎತ್ತಿದಾಗ ಪಾರಿವಾಳಗಳು ಪಟಪಟನೆ ಹಾರಿದವು. ಸಣ್ಣ ಇಟ್ಟಿಗೆಯ ಹಳೆಯ ಬಾವಿ. ಹಗ್ಗ ಉಜ್ಜಿ ಉಜ್ಜಿ ಅಂಚಿನ ಕಲ್ಲಿನಲ್ಲಿ ಗೀರುಗಳು ಬಿದ್ದಿದ್ದವು. ನಾನು ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಇಟ್ಟು, ಕಡಲೆ ನೈವೇದ್ಯ ಮಾಡಿದೆ. ಆಂಟಿ ಚೊಂಬಿಗೆ ಹಗ್ಗ ಬಿಗಿದು ನನ್ನ ಕೈಗೆ ಕೊಟ್ಟರು. ಬಿಡುತ್ತಾ ಹೋದೆ. ಹಗ್ಗ ಮುಗಿಯುತ್ತಾ ಬಂದಾಗ ಕೆಳಗೆ ಟಣ್ ಎಂದು ಸದ್ದಾಯಿತು. ಎಳೆದುಕೊಂಡೆ. ಚೊಂಬಿನಲ್ಲಿ ಒಣ ಎಲೆ, ಒಂದು ಪಾರಿವಾಳದ ಗರಿ.

ಆಂಟಿ ಚೊಂಬಿನೊಳಗೆ ನೋಡಿದರು. ಆಮೇಲೆ ಬಾವಿಯೊಳಗೆ ನೋಡಿದರು. ಸೂಖ್ ಗಯಾ, ಬತ್ತಿ ಬಹಳ ವರ್ಷವಾಯಿತು, ಮನೆಮನೆಗೂ ಬೋರ್ ಹೊಡೆಸಿದ ಮೇಲೆ ಇದರಲ್ಲಿ ಎಲ್ಲಿಯ ನೀರು, ನೀವು ಬರೀ ಪೂಜೆಗೆ ಬಂದಿದ್ದೀರಿ ಅಂದುಕೊಂಡೆ ಎಂದಳು ಆ ಹೆಂಗಸು. ಅವಳ ತಪ್ಪೇನೂ ಇರಲಿಲ್ಲ. ಬಾವಿ ಇದೆಯಾ ಎಂದು ಆಂಟಿ ಕೇಳಿದ್ದರು, ಇದೆ ಎಂದು ಆಕೆ ಹೇಳಿದ್ದಳು. ಲೋಟದ ನೀರಿನ ಜಾತಕವನ್ನೂ ಬಿಡದೆ ವಿಚಾರಿಸುವ ಈ ಮಹಾತಾಯಿ, ಬಾವಿಯಲ್ಲಿ ನೀರಿದೆಯಾ ಎಂದು ಮಾತ್ರ ಕೇಳಿರಲಿಲ್ಲ. "ಬಾವಿ ಅಂದ್ಮೇಲೆ ನೀರಿರುತ್ತೆ ಅಂದ್ಕೊಂಡೆನಲ್ಲೇ..." ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ತುಂಬ ಸಂಕಟವಾಯಿತು, ನನಗಾಗಿ ಅಲ್ಲ, ಅವರಿಗಾಗಿ.

ಆಮೇಲೆ ಆಂಟಿ ನನ್ನ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೈಗಿಟ್ಟರು. ಸೇದಲು ಆಗದಿದ್ದರೆ ಹೋಗಲಿ, ಬರಿಗೈಯಲ್ಲಿ ಹೋಗುವುದು ಬೇಡ, ಒಂದಿಷ್ಟು ಹಾಕಿ ಬಾ ಎಂದರು. ನಾನು ಜೀರಿಗೆ ನೀರನ್ನು ಬಾವಿಗೆ ಸುರಿದೆ. ಸದ್ದು ಬರುತ್ತದೆಯೇ ಎಂದು ಮೂವರೂ ಕಿವಿಗೊಟ್ಟೆವು. ಏನೂ ಕೇಳಲಿಲ್ಲ.

ಮನೆಗೆ ಬಂದು ನಲ್ಲಿಗೇ ಪೂಜೆ ಮಾಡಿದೆವು. ನನ್ನ ಗಂಡ ಅವತ್ತಿನಿಂದ ನೀರು ತುಂಬಿಸುವ ಕೆಲಸದಿಂದ ಬಿಡುಗಡೆ ಪಡೆದರು. ಆಂಟಿ ಅಮ್ಮನಿಗೆ ಫೋನಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. "ಸೇದಿಸೋಕಾಗ್ಲಿಲ್ಲ ಕಣ್ರೀ. ನಿಮಗೆ ಕೊಟ್ಟ ಮಾತು ಹಾಗೇ ಉಳ್ಕೊಳ್ತು" ಎಂದರು. ಅಯ್ಯೋ ಬಿಡಿ, ನೀವು ಮಾಡಿದ್ದೇ ಹೆಚ್ಚು ಎಂದು ಅಮ್ಮ ಸಮಾಧಾನ ಹೇಳಿದಳು. ಆಮೇಲೆ ನಾವು ಸ್ವಂತ ಫ್ಲಾಟು ಕೊಂಡು ಘಾಜಿಯಾಬಾದಿಗೆ ಬಂದೆವು. ಅವರು ಒಂದೆರಡು ವರ್ಷ ಅಲ್ಲೇ ಇದ್ದು, ಮಂಡಿ ನೋವು ಹೆಚ್ಚಾದ ಮೇಲೆ ಮಗನ ಮನೆ ಸೇರಿದರು. ಫೋನಿನಲ್ಲಿ ಮಾತಾಡುತ್ತಿದ್ದೆವು... ಆಮೇಲೆ ಅದೂ ಕಡಿಮೆಯಾಯಿತು. ಹೋದ ವರ್ಷ ಪುಣೆಯಲ್ಲಿ ತೀರಿಕೊಂಡರೆಂದು ಅವರ ಮಗನ ಮೆಸೇಜು ಬಂತು.

ಟ್ಯಾಂಕ್ ತೊಳೆಸಿದ ವಾರವೇ, ಭಾನುವಾರ, ಯಾಕೋ ತಡೆಯಲಾಗದೆ ಜನಕಪುರಿಗೆ ಹೋದೆ. ಬಾವಿಯ ಮೇಲೆ ಸಿಮೆಂಟ್ ಚಪ್ಪಡಿ ಬಿದ್ದಿದೆ, ಅದರ ಮೇಲೆ ಸ್ಕೂಟರುಗಳು ನಿಂತಿವೆ. ಬೀಗದ ಕೈಯ ಹೆಂಗಸು ಮುದುಕಿಯಾಗಿದ್ದಳು. ಪರಿಚಯ ಹೇಳಿಕೊಂಡರೆ ಮೊದಲು ಗುರುತಾಗಲಿಲ್ಲ. ಪೂಜೆಯ ಮಾತೆತ್ತಿದ ಕೂಡಲೇ, "ಅರೇ, ವೋ ಮದ್ರಾಸಿ ಆಂಟಿ!" ಎಂದಳು. ಆಂಟಿ ಇದ್ದಿದ್ದರೆ ಮದ್ರಾಸಿ ಅಲ್ಲ ಎಂದು ಅಲ್ಲೇ ಪಾಠ ಶುರು ಮಾಡುತ್ತಿದ್ದರು.

ಆಕೆ ಹಿಂದಿಯಲ್ಲಿ ಹೇಳಿದ್ದು ಇಷ್ಟು. ನಾನು ಬಂದು ಹೋದ ಮೇಲೆಯೂ ಆಂಟಿ ಬರುತ್ತಿದ್ದರಂತೆ. ಮಳೆಗಾಲದಲ್ಲಂತೂ ಜೋರು ಮಳೆ ಬಂದ ಮರುದಿನ ತಪ್ಪದೆ. ಬೀಗ ತೆಗೆಸಿ, ಚೊಂಬು ಇಳಿಬಿಟ್ಟು, ಎಳೆದು ನೋಡಿ, ಹಗ್ಗ ಸುತ್ತಿಕೊಂಡು ಹೋಗುತ್ತಿದ್ದರಂತೆ. ಮಂಡಿ ಹಿಡಿದ ಮೇಲೆ ಕೋಲೂರಿಕೊಂಡು ಬಂದರಂತೆ. "ಯಾಕೆ ಸುಮ್ಮನೆ ಕಷ್ಟಪಡ್ತೀರಿ ಅಂತ ಕೇಳಿದೆ. ಆ ಹುಡುಗಿ ತಾಯಿಗೆ ಮಾತು ಕೊಟ್ಟಿದ್ದೀನಿ, ಒಂದು ಚೊಂಬು ಬಂದರೂ ಸಾಕು, ಅವಳನ್ನು ಕರೆಸ್ತೀನಿ ಅಂದರು." ನನಗೆ ಅಲ್ಲೇ ಅಳು ಬಂತು. ಫೋನಿನಲ್ಲಿ ಮಾತಾಡಿದ ಒಂದು ದಿನವೂ ಅವರು ನನಗೆ ಇದನ್ನು ಹೇಳಿರಲಿಲ್ಲ.

ಮೆಟ್ರೊ ಸ್ಟೇಷನ್ನಿನಲ್ಲಿ ಕುಳಿತು ಅಮ್ಮನಿಗೆ ಫೋನ್ ಮಾಡಿದೆ. ಯಾವ ಬಾವಿ ಎಂದು ಕೇಳಿದಳು. ಎಲ್ಲ ನೆನಪಿಸಬೇಕಾಯಿತು. ಕೊನೆಗೆ, "ಅಯ್ಯೋ, ಅದಾ! ನಲ್ಲಿಗೆ ಪೂಜೆ ಮಾಡಿದ್ರಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡೆ ಕಣೆ. ನಾನು ಆವತ್ತೇ ಮರೆತುಬಿಟ್ಟೆ" ಎಂದಳು. ಆಂಟಿ ಮಳೆ ಬಂದಾಗಲೆಲ್ಲ ಹೋಗಿ ಚೊಂಬು ಇಳಿಬಿಡುತ್ತಿದ್ದುದನ್ನು ಹೇಳಿದೆ. ಆಮೇಲೆ, "ಆ ಮಾತು ಆವತ್ತೇ ಮುಗೀತು ಅಂತ ಯಾರಾದ್ರೂ ಅವರಿಗೆ ಹೇಳ್ಬಾರ್ದಿತ್ತಾ?" ಎಂದು ಕೇಳಿದಳು.

ಯಾರೂ ಹೇಳಿರಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.