ಒಂದು ಕಾಲು ಎತ್ತಿದರೆ

ನಮ್ಮಣ್ಣನನ್ನು ಎಲ್ಲರೂ ಕರೆಯುವುದು ಕಡ್ಡಿ ಮೇಷ್ಟ್ರು ಎಂದು. ಸದಾ ಕೈಯಲ್ಲಿ ಕರೆಂಟು ಪರೀಕ್ಷಿಸುವ ಮೀಟರಿನ ಎರಡು ಕಡ್ಡಿ, ಕೆಂಪೊಂದು, ಕಪ್ಪೊಂದು. ಟಿವಿ, ರೇಡಿಯೊ, ಏನೇ ಕೆಟ್ಟು ಬರಲಿ, ಬೋರ್ಡಿನಿಂದ ಒಂದು ಭಾಗವನ್ನೂ ಕೀಳದೆ ಇದ್ದಲ್ಲೇ ಮುಟ್ಟಿ ರೋಗ ಹೇಳುತ್ತಾನೆ. "ಬೇರು ನೋಡೋಕೆ ಅಂತ ಗಿಡ ಕೀಳ್ತಾರೇನೇ?" ಎನ್ನುತ್ತಾನೆ. ಹಟಮಾರಿ. ನಾನು ಅವನ ತಂಗಿ, ಹಟದಲ್ಲಿ ಒಂದು ಕೈ ಮೇಲೆ.

ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ವಿದ್ಯುತ್ತಿಗೆ ದಾರಿ ಸಿಕ್ಕಾಗಲೆಲ್ಲ ಮೀಟರ್ ಕುಂಯ್ ಎನ್ನುತ್ತದೆ. ದಿನಕ್ಕೆ ನೂರು ಸಲ ಕೇಳಿ ಕೇಳಿ ಆ ಸದ್ದಿಗೆ ನಮ್ಮನೆಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ.

ಅಮ್ಮ ಹೋಗಿದ್ದು ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಉಸಿರಾಟಕ್ಕೆ ಆಕ್ಸಿಜನ್ ಯಂತ್ರ ಇಟ್ಟಿದ್ದೆವು, ನಾಲ್ಕು ಕೈ ಬದಲಾಗಿ ಬಂದ ಹಳೆಯದು. ಗಾಳಿ ನಿಂತರೆ ಅದರ ಬಜರ್ ಕೂಗಬೇಕು. ಗಾಳಿ ನಿಂತಿತು. ಪಕ್ಕದ ಕುರ್ಚಿಯಲ್ಲಿ ಅಣ್ಣನಿಗೆ ಜೊಂಪು ಹತ್ತಿತ್ತು. ಅವನು ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ವಾರಕ್ಕೊಮ್ಮೆ ಆ ಯಂತ್ರ ಬಿಚ್ಚಿ, ಬೋರ್ಡಿನ ಮೇಲೆ ಬಜರ್ ಕೂತ ಜಾಗಕ್ಕೆ ಕಡ್ಡಿ ಇಡುತ್ತಿದ್ದ. ಕುಂಯ್.

"ಸರಿಯಾಗೇ ಇದೆ ಕಣೇ. ಅದು ಕೂಗಿದೆ. ನಾನೇ ಹೆಣದ ಹಾಗೆ ಬಿದ್ದಿದ್ದೆ."

ಊಟ ಸೇರುತ್ತಿರಲಿಲ್ಲ, ಕೆನ್ನೆ ಬತ್ತಿಹೋಯಿತು. ನಾನು ಅವನಿಗೆ ಹೇಳದೇ ಇದ್ದ ಮಾತೊಂದಿತ್ತು. ಆ ಮಧ್ಯಾಹ್ನ ಅಡುಗೆಮನೆಯಲ್ಲಿದ್ದ ನನಗೆ ಸದ್ದು ಕೇಳಿಸಿತ್ತು. ಕುಂಯ್, ಕುಂಯ್, ಕುಂಯ್. ಅಣ್ಣನ ಮೀಟರ್ ಎಂದುಕೊಂಡು ಪಾತ್ರೆ ತೊಳೆಯುತ್ತಲೇ ಇದ್ದೆ. ಅದು ಬಜರೇ ಆಗಿದ್ದರೆ ಅಮ್ಮನನ್ನು ಕೊಂದವಳು ನಾನು.

ಕಳೆದ ವಾರ ತಡೆಯಲಾಗಲಿಲ್ಲ. "ಸಾಕು ಮಾಡೋ! ಇದ್ದಲ್ಲೇ ಮುಟ್ಟಿದ್ರೆ ಪಕ್ಕದ ಭಾಗದಿಂದಲೂ ಮೀಟರಿಗೆ ದಾರಿ ಸಿಗುತ್ತೆ ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ? ಬಜರಿನ ಒಂದು ತಂತಿಕಾಲು ಬೋರ್ಡಿನಿಂದ ಎತ್ತಿ ನೋಡು."

"ಬೇಡ ಕಣೇ, ಭಯ ಆಗುತ್ತೆ."

ಸೋಲ್ಡರಿಂಗ್ ಐರನ್ ನಾನೇ ಕೈಗೆತ್ತಿಕೊಂಡೆ. ಬಿಸಿ ತಾಗಿಸುವ ಮೊದಲೇ ಬಜರಿನ ಕಾಲು ಸಲೀಸಾಗಿ ಮೇಲೆದ್ದು ಬಂತು. ಅಣ್ಣ ಭೂತಗನ್ನಡಿ ಹಿಡಿದ. ತಯಾರಾದ ದಿನದಿಂದಲೂ ಆ ಕಾಲಿಗೆ ಬೆಸುಗೆ ಅಂಟಿರಲೇ ಇಲ್ಲ. ಇಷ್ಟು ದಿನ ಮೀಟರಿನಿಂದ ಕುಂಯ್ ಎನ್ನಿಸಿದ್ದು ಪಕ್ಕದ ಪುಟ್ಟ ರೆಸಿಸ್ಟರ್.

"ಇದು ಕೂಗೇ ಇಲ್ಲ! ಹುಟ್ಟಿದಾಗಿಂದ ಒಂದ್ಸಲಾನೂ ಕೂಗಿಲ್ಲ!" ಅಣ್ಣ ನನ್ನ ಭುಜ ಹಿಡಿದು ಗೊಳೋ ಎಂದು ಅತ್ತ.

ನನಗೂ ಹೋದ ಜೀವ ಬಂದಂತಾಯಿತು. ಹಾಗಾದರೆ ನಾನು ಕೇಳಿದ್ದು ಮೀಟರೇ. ಖಾತ್ರಿಗೆಂದು ಕೇಳಿದೆ, "ಅವತ್ತು ನಿದ್ದೆ ಬರೋ ಮುಂಚೆ ಏನೋ ಟೆಸ್ಟ್ ಮಾಡ್ತಿದ್ದೆ ಅಲ್ವಾ?"

"ಎಲ್ಲಿಂದ ಮಾಡ್ಲಿ? ಮೀಟರಿನ ಬ್ಯಾಟರಿ ಮುಗಿದು ಎರಡು ದಿನ ಆಗಿತ್ತು. ಅದು ಪೆಟ್ಟಿಗೇಲಿ ಬಿದ್ದಿತ್ತು."

ಅಣ್ಣ ಈಗ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಾನೆ. ನಾನು ಮಾತ್ರ ಮೀಟರ್ ಕುಂಯ್ ಎಂದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಅಮ್ಮನ ಕೋಣೆಗೆ ಓಡುತ್ತೇನೆ. "ನಿನಗೇನು ತಲೆ ಕೆಟ್ಟಿದೆಯಾ?" ಎಂದು ಅವನು ನಗುತ್ತಾನೆ. ಏನು ಹೇಳಲಿ? ಅವತ್ತಿನ ಕುಂಯ್ ಅಮ್ಮನದೇ; ಅವಳು ಮೂರು ಸಲ ಕರೆದಿದ್ದಳು, ನಾನು ಪಾತ್ರೆ ತೊಳೆಯುತ್ತಿದ್ದೆ.